ಉಲ್ಟಾ ಥ್ರೆಡ್ಡಿನ ಕೀಲು

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಅಂಗಡಿಯಲ್ಲಿ ಒಡೆದ ನೀರಿನ ಟ್ಯಾಂಕಿಗೆ ಫೈಬರ್ ಹಾಸಿ ಅಂಟು ಬಳಿಯುತ್ತಿದ್ದರು. ಸ್ವಲ್ಪ ಸಿಹಿ, ಸ್ವಲ್ಪ ಘಾಟು ಇರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂಬತ್ತು ವರ್ಷದ ಹುಡುಗಿಯಾಗಿ ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಿಂತುಬಿಟ್ಟೆ. ಆ ಮನೆ ಈಗಿಲ್ಲ. ಅಲ್ಲಿ ಮೊಬೈಲ್ ಅಂಗಡಿಗಳು ಎದ್ದಿವೆ. ಆದರೆ ಬೇವಿನ ಮರದ ಕೆಳಗಿನ ತಗಡಿನ ಚಪ್ಪರ, ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಅಪ್ಪನ ಸುತ್ತಿಗೆಯ ಸಪ್ಪಳ, ಎರಡೂ ಕಲೆತು ಒಂದೇ ತಾಳವಾಗುತ್ತಿದ್ದ ಆ ಐತವಾರಗಳು ನನ್ನ ಕಿವಿಯಲ್ಲಿ ಹಾಗೇ ಇವೆ. ನಿಮಗೂ ಅಂಥದ್ದೊಂದು ಅಂಗಳ ಇದ್ದಿರಬೇಕು.

ಅಪ್ಪ ಬಸ್ ಡಿಪೋದಲ್ಲಿ ಫಿಟ್ಟರ್. ಕಾಲುವೆ ಕ್ಯಾಂಪಿನ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಅಪ್ಪನಿಗೊಂದು ಕಾರು ಕೊಟ್ಟು ಹೋಗಿದ್ದರು. ಪೂರ್ತಿ ಕಾರಲ್ಲ, ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ಟು. ನಾಲ್ಕು ಕಟ್ಟಿಗೆಯ ಪೆಟ್ಟಿಗೆ, ಹಳದಿ ಫೈಬರಿನ ಮೈ, ಎರಡೇ ಸೀಟು, ನೀರು ಕುಡಿದು ಹಾಳೆಗಳು ಅಂಟಿಹೋದ ಒಂದು ಪುಸ್ತಕ. ಅಪ್ಪನ ಜೀವದ ಗೆಳೆಯ ಖಾಜಾ ಮಾಮಾ ಕಬ್ಬಿಣ ಕಡೆಯುವ ಲೇತ್ ಮಷಿನ್ ಇಟ್ಟುಕೊಂಡಿದ್ದರು. ಇಬ್ಬರೂ ಎರಡು ವರ್ಷ ಅದರ ಮುಂದೆ ಕೂತೆದ್ದರು. ಎಲ್ಲ ಕೂಡಿಬಂದರೂ ಒಂದು ಸಾಮಾನು ಮಾತ್ರ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ, ಹೆಬ್ಬೆರಳಿನಷ್ಟು ದಪ್ಪದ ಒಂದು ಕೀಲು. ಅದರ ತಿರುಪಿನ ಗೆರೆ, ಅಂದರೆ ಥ್ರೆಡ್ಡು, ಉಲ್ಟಾ, ಎಡಕ್ಕೆ ತಿರುಗುವಂಥದ್ದು. ಹೈದರಾಬಾದಿಗೆ ಹೋಗಿ ಬಂದರೂ ಸಿಗಲಿಲ್ಲ. ಕೊನೆಗೆ ಖಾಜಾ ಮಾಮಾ ತಾವೇ ಲೇತಿನ ಮೇಲೆ ಕಡೆದರು. ಎರಡು ಕೆಟ್ಟವು, ಮೂರನೆಯದು ಕೂತಿತು.

ಕಾರು ಮೊದಲು ಹೋದದ್ದು ಮಲ್ಲಟಕ್ಕೆ, ಅಪ್ಪನ ಅವ್ವ ಇದ್ದ ಊರಿಗೆ. ಕಾಲುವೆಯ ಮಣ್ಣು ಹೊತ್ತು ನೆತ್ತಿಯ ಕೂದಲು ಸವೆದ ಮುದುಕಿ ಆಕೆ. ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಸೀಟಿನ ತುದಿಯಲ್ಲಿ ಕೂತಳು. ಅಪ್ಪ ನಮ್ಮ ಕೇರಿಯ ದಾರಿಗೆ ತಿರುಗಿಸಲು ಹೊರಟಾಗ ಅವನ ತೋಳು ಹಿಡಿದಳು.

"ಊರೊಳಗಿಂದ ಹೊಡಿ. ಸಾವಕಾಶ ಹೊಡಿ, ಯಪ್ಪಾ."

ಊರ ಮೇಲ್ಜಾತಿಯವರ ಆ ಓಣಿಯಲ್ಲಿ ಆಕೆ ಜೀವಮಾನವಿಡೀ ಕೆರವನ್ನು ಕೈಯಲ್ಲಿ ಹಿಡಿದೇ ನಡೆದವಳು. ಅಂದು ಕಾರು ಎತ್ತಿನಬಂಡಿಗಿಂತ ನಿಧಾನವಾಗಿ ಸಾಗಿತು. ಕಟ್ಟೆಯ ಮೇಲೆ ಕೂತವರು ಎದ್ದು ನೋಡಿದರು. ಅಜ್ಜಿ ಯಾರನ್ನೂ ನೋಡಲಿಲ್ಲ. ಓಣಿ ಮುಗಿದ ಮೇಲೆ, "ಇಷ್ಟ ಸಣ್ಣದಿತ್ತೇನ ಇದು?" ಎಂದಳು, ಅಷ್ಟೆ.

ಊರು ದಾಟಿ ಕಾಲುವೆಯ ತಿರುವಿನಲ್ಲಿ ಸ್ಟೇರಿಂಗು ಅಪ್ಪನ ಕೈಯಲ್ಲಿ ಸುಮ್ಮನೆ ಗಿರಗಿರ ತಿರುಗಿತು. ಕೀಲು ಮುರಿದಿತ್ತು. ಕಾರು ಹಳ್ಳಕ್ಕೆ ಇಳಿಯಿತು. ಅಜ್ಜಿಗೂ ನನಗೂ ಏನೂ ಆಗಲಿಲ್ಲ, ಅಪ್ಪನ ಬಲ ಮಣಿಕಟ್ಟು ಮುರಿಯಿತು. ದವಾಖಾನೆಗೆ ಬಂದ ಖಾಜಾ ಮಾಮಾ ಆ ಕೈಯನ್ನು ನೋಡಿದರು, ಮುರಿದ ಕೀಲನ್ನು ನೋಡಿದರು, ಹೊರಟುಹೋದರು. ಮತ್ತೆ ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಲೇತ್ ಮಾರಿ ಮಾನ್ವಿ ಸೇರಿದರೆಂದು ಯಾರೋ ಹೇಳಿದರು. ಒಂದೂವರೆ ತಾಸಿನ ದಾರಿ. ಅವರೂ ಬರಲಿಲ್ಲ, ಅಪ್ಪನೂ ಹೋಗಲಿಲ್ಲ. ಡಿಪೋದವರು ರಿಪೇರಿ ಮಾಡಿಕೊಡುತ್ತೇವೆಂದು ಎಷ್ಟು ಸಲ ಬಂದರೂ ಅಪ್ಪ, "ಖಾಜಾ ಬರ್ಲಿ" ಎನ್ನುತ್ತಿದ್ದ. ಅವ್ವ ಸಿಡುಕುತ್ತಿದ್ದಳು: "ಅಂವ ಬರಾಂಗಿಲ್ಲ, ನೀ ಮುಟ್ಟಗೊಡಾಂಗಿಲ್ಲ." ಅದು ಅಪ್ಪನ ನೆಪವೆಂದೇ ನಾನು ತಿಳಿದಿದ್ದೆ.

ಅಪ್ಪ ತೀರಿಕೊಂಡ ಮೇಲೆ ಕಾರು, ಅವ್ವ ಇಬ್ಬರೂ ನಾನು ಮಾಸ್ತರಿಕೆ ಮಾಡುವ ದೇವದುರ್ಗಕ್ಕೆ ಬಂದರು. ಫೈಬರಿನ ವಾಸನೆ ಕಾಡಿದ ಆ ದಿನದಿಂದ ನಾನು ಕೀಲು ಹುಡುಕಲು ಶುರು ಮಾಡಿದೆ. ಮುರಿದ ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ರಾಯಚೂರಿನ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಫೋಟೋ ಹೈದರಾಬಾದಿಗೆ ಹೋಯಿತು. ಜಾಲಹಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಗುಡ್ಡೆಯನ್ನೇ ಕೆದರಿಸಿದೆ. ಎಲ್ಲರೂ ಥ್ರೆಡ್ಡಿನ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದರು. ದೇವದುರ್ಗದ ಮುದಿ ಮೆಕ್ಯಾನಿಕ್ ಒಬ್ಬ ಮಾತ್ರ ಅದನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದು ಕಂಪನಿ ಮಾಲಲ್ರೀ ಮೇಡಂ, ಕೈಲೆ ಕಡದದ್ದು. ಇಂಥಾ ಕೆಲಸ ಖಾಜಾಂದು. ಮಾನ್ವ್ಯಾಗ ಅದಾನಲ್ಲ!"

ಅವರು ಇನ್ನೂ ಇದ್ದಾರೆಂದು ನಾನು ಎಣಿಸಿರಲೇ ಇಲ್ಲ. ಮಾನ್ವಿಯಲ್ಲಿ ಮಗಳ ಟೇಲರಿಂಗ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದರು. ಅಪ್ಪನ ಹೆಸರು ಹೇಳಿದೆ. ಸೂಜಿ ಕೆಳಗಿಟ್ಟು ಒಳಗೆ ಹೋದವರು ಎಣ್ಣೆ ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದು ಬಿಚ್ಚಿದರು. ಕೀಲು! ಅಸಲಿ ಕೀಲು.

"ಹೈದರಾಬಾದ್ ಗುಜರ್‍ಯಾಗ, ಹಳೇ ಸಾಮಾನಿನ ಬಜಾರದಾಗ ಸಿಕ್ತು ಬೇಟಾ. ಹದಿನೆಂಟು ವರ್ಷ ಆತು."

"ತಂದು ಕೊಡಬೇಕಿತ್ತಲ್ಲ, ಮಾಮಾ?"

"ಯಾವ ಮಾರಿ ಹೊತ್ತು ಬರ್ಲವ್ವಾ? ನಿಮ್ಮಪ್ಪನ ಕೈ ಮುರದಾವ ನಾನು."

ಅಪ್ಪ ಯಾರಿಗೂ ಕಾರು ಮುಟ್ಟಗೊಡದೆ ಏನೆನ್ನುತ್ತಿದ್ದನೆಂದು ಹೇಳಿದೆ. ಹೇಳುವಾಗಲೇ ನನಗೂ ತಿಳಿಯಿತು, ಅದು ನೆಪವಾಗಿರಲಿಲ್ಲ.

"ಹಂಗಂತಿದ್ನೇನು?" ಎಂದರು. ಬಿಚ್ಚಿದ ಎಣ್ಣೆ ಕಾಗದವನ್ನು ಮಡಚುತ್ತ ಮತ್ತೆ, "ಹಂಗಂತಿದ್ನಾ?"

ಮುಂದಿನ ಐತವಾರ ಬೆಳಿಗ್ಗೆಯ ಬಸ್ಸಿಗೇ ದೇವದುರ್ಗಕ್ಕೆ ಬಂದರು. ಅವ್ವ ಚಹಾ ತಂದಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ಮಾಮಾ ಕಾರಿನ ಕೆಳಗೆ ತೂರಿ ಮಧ್ಯಾಹ್ನದವರೆಗೂ ತಿಣುಕಿದರು. ಕೀಲು ಕೂತಿತು. ಎಂಜಿನ್ನಿಗೆ ಇನ್ನೂ ಬೇಕಾದ್ದು ಬಹಳವಿತ್ತು, ಟೈರುಗಳಲ್ಲಿ ಗಾಳಿಯೂ ಇರಲಿಲ್ಲ. ಅವರು ಕೈ ಒರೆಸಿಕೊಂಡು ಎಡಗಡೆಯ ಸೀಟಿನಲ್ಲಿ ಕೂತು, ನನಗೆ ಅಪ್ಪನ ಜಾಗ ತೋರಿಸಿದರು. ನಿಂತ ಕಾರಿನಲ್ಲೇ ನಾನು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಕೆಳಗೆ ಚಕ್ರಗಳು ಮಣ್ಣು ಕೆರೆದು ಹೊರಳಿದವು.

"ಗಾಲಿ ಮಾತ ಕೇಳ್ತಾ?" ಎಂದರು.

"ಹ್ಞೂಂ ಮಾಮಾ."

ಅವರು ಮುಂದಿನ ಗಾಜಿನಾಚೆ, ದಾರಿ ನೋಡುವವರಂತೆ ನೋಡುತ್ತ ಕೂತರು. ಎದುರಿಗೆ ಗೋಡೆಯಿತ್ತು. ಅವರಾಗಿಯೇ ಇಳಿಯುವವರೆಗೆ ನಾನು ಸ್ಟೇರಿಂಗ್ ತಿರುಗಿಸುತ್ತಲೇ ಇದ್ದೆ.