ಬಾಡಿಗೆ ಕಾರಿಗೆ ಯಾರ ಹೆಸರು

ಮಾರಿಷಸ್ಸಿಗೆ ಹೋಗಬೇಕೆಂಬುದು ನನ್ನ ಆಸೆ. ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಜ್ವಾಲಾಮುಖಿಯಿಂದ ಎದ್ದ ದ್ವೀಪ ಅಂದರೆ ಹೀಗಿರುತ್ತದೆ ಮಕ್ಕಳೇ ಅಂತ ಸೀಮೆಸುಣ್ಣದಲ್ಲಿ ಬರೆದು ಬರೆದು ಸಾಕಾಗಿತ್ತು. ನಿವೃತ್ತಿಯಾದ ಮೇಲೆ ಅಂಥದ್ದೊಂದನ್ನು ಕಣ್ಣಾರೆ ನೋಡಬೇಕು, ಅದೂ ಟೂರಿನವರ ಬಸ್ಸಿನ ಕಿಟಕಿಯಿಂದಲ್ಲ, ಒಂದು ಕಾರು ಬಾಡಿಗೆಗೆ ಹಿಡಿದು ಸಮುದ್ರದ ಪಕ್ಕದ ರಸ್ತೆಯಲ್ಲಿ ನಾನೇ ಓಡಿಸಿಕೊಂಡು ಹೋಗಿ ನೋಡಬೇಕು ಅಂದುಕೊಂಡಿದ್ದೆ. ಈ ‘ನಾನೇ’ ಅನ್ನುವುದೊಂದು ನಮ್ಮ ಯಜಮಾನರಿಗೆ ಹಿಡಿಸಲಿಲ್ಲ.

ಅವರು ಕಿರುಗಾವಲಿನ ಹತ್ತಿರ ಕಬ್ಬು, ಭತ್ತ ಬೆಳೆಯುವವರು. ಮದುವೆಗೆ ಮೊದಲಿಂದಲೂ ಟ್ರಾಕ್ಟರು ಓಡಿಸುತ್ತಿದ್ದರು. ಮನೆಗೆ ಕಾರು ಬಂದು ಇಪ್ಪತ್ತು ವರ್ಷವಾಯಿತು, ಅದರ ಸ್ಟೇರಿಂಗು ಅವರದೇ. ನಾನು ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಟೆಸ್ಟು ಕೊಟ್ಟು, ಒಂದೇ ಸಲಕ್ಕೆ ಪಾಸಾದೆ. ಪಾಸಾಗಿ ಏನು ಬಂತು? ನಾನು ಓಡಿಸುವ ದಿನ ಪಕ್ಕದಲ್ಲಿ ಕೂತು ‘ಬ್ರೇಕು, ಬ್ರೇಕು’ ಅನ್ನುತ್ತಾ ಬಾಗಿಲಿನ ಹಿಡಿ ಕೀಳುವಂತೆ ಹಿಡಿದುಕೊಳ್ಳುತ್ತಿದ್ದರು. ಆ ಕಿರುಕುಳಕ್ಕಿಂತ ಸುಮ್ಮನೆ ಎಡಗಡೆ ಕೂರುವುದೇ ವಾಸಿ ಅಂತ ಕೂತುಬಿಟ್ಟಿದ್ದೆ.

ಕಾರು ಹುಡುಕುವುದೇನೋ ಸುಲಭವಾಗಿತ್ತು. ತಲೆ ಕೆಟ್ಟದ್ದು ವಿಮೆಯಲ್ಲಿ. ಬಾಡಿಗೆಯ ಜೊತೆಗೇ ಬರುವ ವಿಮೆ ಒಂದು. ಕಾರಿಗೆ ಪೆಟ್ಟಾದರೆ ಮೊದಲಿನ ದೊಡ್ಡ ಮೊತ್ತ ನಮ್ಮ ತಲೆಗೆ, ಅದಕ್ಕಿಂತ ಮೇಲಿನದು ಮಾತ್ರ ಅವರದು. ಆ ಮೊತ್ತವೂ ನಮ್ಮ ಮೇಲೆ ಬರಬಾರದು ಅಂದರೆ ದಿನಕ್ಕಿಷ್ಟು ಅಂತ ಕಟ್ಟಿ ಇನ್ನೊಂದು ವಿಮೆ ತೊಗೋಬೇಕು. ಅದು ದುಬಾರಿಯಾಯಿತು ಅಂದರೆ ಬೇರೆ ಕಂಪನಿಯವರ ಮೂರನೆಯದು ಇದೆ. ಅದರಲ್ಲಿ ಮೊದಲು ನಾವೇ ದುಡ್ಡು ಕೊಟ್ಟು, ಊರಿಗೆ ಬಂದು ಅರ್ಜಿ ಹಾಕಿ, ಅವರು ವಾಪಸು ಕೊಡುವವರೆಗೆ ಕಾದಿರಬೇಕು. ಮೂರಕ್ಕೂ ಪುಟಗಟ್ಟಲೆ ಷರತ್ತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗಲೂ ನಾನು ಅಷ್ಟು ಕಣ್ಣು ಸವೆಸಿರಲಿಲ್ಲ.

ಸಾಕಾಗಿ ನನ್ನ ಮೈದುನನನ್ನು ಕರೆಸಿದೆ. ಯಜಮಾನರ ಚಿಕ್ಕಪ್ಪನ ಮಗ, ಮದ್ದೂರಿನಲ್ಲಿ ವಿಮೆ ಏಜೆಂಟು. ಸುತ್ತಲಿನ ಊರುಗಳ ಟ್ರಾಕ್ಟರು, ಟೆಂಪೊ, ಸೀಮೆಹಸು ಎಲ್ಲದರ ವಿಮೆಯೂ ಅವನ ಕೈಯಲ್ಲೇ. ನಮ್ಮ ಕಾರಿನದನ್ನೂ ವರ್ಷ ವರ್ಷ ಅವನೇ ಮಾಡಿಸುವುದು. ನಾನು ಷರತ್ತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲನೆಯ ವಿಮೆ ಟೈರಿಗೆ ಇಲ್ಲ, ಗಾಜಿಗೆ ಇಲ್ಲ, ಗಾಡಿಯ ಅಡಿಗೆ ತಗುಲಿದರೆ ಇಲ್ಲ, ಮೇಲಿನ ಛಾವಣಿಗೂ ಇಲ್ಲ.

“ಮತ್ತಿನ್ಯಾವುದಕ್ಕೈತೆ ಅತ್ಗೆ, ಪೊಂಯ್ ಅನ್ನೋ ಆರನ್ನಿಗಾ?” ಅಂದ.

ಆಮೇಲೆ ಅವನೇ ಎರಡನೆಯದನ್ನು ತೊಗೊಳ್ಳಿ, ದುಡ್ಡು ಹೋದರೆ ಹೋಗಲಿ, ಪರದೇಶದಲ್ಲಿ ತಕರಾರು ಬೇಡ ಅಂದ. ಅಷ್ಟಕ್ಕೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಹೋಗುವ ಮುಂಚೆ, “ಓಡ್ಸೋರ್ ಎಸ್ರು ಮಾತ್ರ ಸರಿಯಾಗಿ ಆಕ್ಸಿ. ಎಸ್ರಿಲ್ದೋರು ಓಡ್ಸಿ ಏನಾರ ಆಯ್ತು ಅಂದ್ರೆ ಒಂದು ಕಾಸೂ ಬರಾಕಿಲ್ಲ. ಕಿವೀಲಿ ಇಮೆ ಬಿಲ್ಲೆ ಇಲ್ದಿರೋ ಅಸು ಸತ್ತಂಗೆ ಲೆಕ್ಕ,” ಅಂದುಬಿಟ್ಟ.

ಅಲ್ಲಿಂದ ಶುರುವಾಯಿತು. ಬಾಡಿಗೆಯ ಅರ್ಜಿಯಲ್ಲಿ ‘ಚಾಲಕರ ಹೆಸರು’ ಅಂತ ಖಾನೆ ಒಂದೇ. ಎರಡನೆಯವರನ್ನು ಸೇರಿಸಿದರೆ ದಿನ ದಿನಕ್ಕೂ ಹೆಚ್ಚಿಗೆ ಕೊಡಬೇಕು. ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡು, “ಎಲ್ಡು ಯಾಕೆ? ನನ್ನೆಸ್ರು ಬರಿ. ನೀನು ಸಮುದ್ರ ನೋಡ್ಕೊಂಡು ಕುಂತ್ಕೋ,” ಅಂದರು.

ನನ್ನ ಹೆಸರೇ ಇರಲಿ, ಇದು ನನ್ನ ಪ್ರಯಾಣ ಅಂದೆ. ಗೊತ್ತಿಲ್ಲದ ಊರಲ್ಲಿ ಹೆಂಗಸರ ಕೈಗೆ ಗಾಡಿ ಕೊಟ್ಟು ಪಕ್ಕದಲ್ಲಿ ಕೂರುವ ಗಂಡಸು ನಾನಲ್ಲ ಅಂದರು. ಊಟಕ್ಕೆ ಕೂತರೆ ಅದೇ ಮಾತು, ಟೀವಿ ಮುಂದೆ ಕೂತರೆ ಅದೇ ಮಾತು. ಮೂರು ವಾರ ನನ್ನ ಜೀವ ತಿಂದರು. ಕೊನೆಗೆ ನನಗೇ ರೋಸಿಹೋಗಿ, ಹಾಳಾಗಿ ಹೋಗಲಿ ಅಂತ ಆ ಖಾನೆಯಲ್ಲಿ ಅವರ ಹೆಸರು ತುಂಬಿದೆ. ಹೇಳುತ್ತೇನೆ, ಆವತ್ತು ನನಗೆ ಅಳು ಬಂತು. ಆದರೂ ದುಡ್ಡು ಕಟ್ಟದೆ ಹಾಗೇ ಬಿಟ್ಟೆ. ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟು ಕೈಗೆ ಬರಲಿ, ಆಮೇಲೆ ನೋಡೋಣ ಅಂತ ನೆವ ಹೇಳಿದೆ.

ಆ ಪರ್ಮಿಟ್ಟಿಗೆ ಅಂತಲೇ ಮಂಡ್ಯದ ಆರ್‌ಟಿಓ ಕಚೇರಿಗೆ ಹೋದದ್ದು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎಂದಿನಂತೆ ಕಾರು ಓಡಿಸಿಕೊಂಡು ಬಂದಿದ್ದರು. ಗುಮಾಸ್ತರು ಪಾಸ್‌ಪೋರ್ಟು ನೋಡಿದರು, ಫೋಟೋ ನೋಡಿದರು, ಲೈಸೆನ್ಸಿನ ಕಾರ್ಡನ್ನು ತಿರುಗಿಸಿ ಅದರ ಬೆನ್ನು ನೋಡಿದರು. ಮತ್ತೊಂದು ಸಲ ನೋಡಿದರು.

“ಸ್ವಾಮಿ, ಇದರಲ್ಲಿ ಟ್ರಾಕ್ಟರು, ಬೈಕು ಎರಡೇ ಇರೋದು. ಕಾರಿಂದು ಎಲ್ಲಿ?”

ಕಾರಿನದು ಎಲ್ಲೂ ಇರಲಿಲ್ಲ. ಹರೆಯದಲ್ಲಿ ಟ್ರಾಕ್ಟರಿಗೆ ಅಂತ ಮಾಡಿಸಿದ ಲೈಸೆನ್ಸು ಅದು. ಅವಧಿ ಮುಗಿದಾಗಲೆಲ್ಲ ಯಾರ ಕೈಯಲ್ಲೋ ಕೊಟ್ಟು ನವೀಕರಣ ಮಾಡಿಸಿ ಜೇಬಿಗೆ ಹಾಕಿಕೊಂಡಿದ್ದರು. ಲೈಸೆನ್ಸು ಅಂದಮೇಲೆ ಲೈಸೆನ್ಸು, ಅದರ ಬೆನ್ನಲ್ಲಿ ಏನು ಬರೆದಿದೆ ಅಂತ ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ದಾರಿಯಲ್ಲಿ ನಿಲ್ಲಿಸಿದ ಪೊಲೀಸರೂ ಮುಂದಿನ ಫೋಟೋ ನೋಡಿ, ಹೋಗಿ ಗೌಡ್ರೇ ಅಂದಿದ್ದರು.

“ಮತ್ತೆ ಇವತ್ತು ಕಾರು ಓಡಿಸ್ಕೊಂಡು ಬಂದೋರು ಯಾರು?” ಅಂತ ಗುಮಾಸ್ತರು ಕೇಳಿದರು.

ನಾನೇ ಸರ್ ಅಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು, ನನ್ನ ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಹೊರಗೆ ಬಂದು ಕೈಚಾಚಿದೆ. ಯಜಮಾನರು ಕೀ ಕೊಟ್ಟರು. ನೇರ ಮಳವಳ್ಳಿಗೆ ಹೋಗದೆ ಮದ್ದೂರಿಗೆ ತಿರುಗಿಸಿದೆ, ಮೈದುನನ ಆಫೀಸಿಗೆ. ಅವನು ಕಾಫಿ ತರಿಸಲು ಹೊರಟ. ಕಾಫಿ ಬೇಡ, ಒಂದು ಮಾತು ಹೇಳು ಅಂದೆ. ಟ್ರಾಕ್ಟರ್ ಲೈಸೆನ್ಸಿನವರು ಕಾರು ಓಡಿಸುವಾಗ ಏನಾದರೂ ಆಗಿದ್ದರೆ, ಇಪ್ಪತ್ತು ವರ್ಷ ನಾವು ಕಟ್ಟಿದ ವಿಮೆಯ ಗತಿ ಏನು?

ಅವನು ಅಣ್ಣನ ಮುಖ ನೋಡಿದ, ನಾನು ಮೇಜಿನ ಮೇಲಿಟ್ಟ ಲೈಸೆನ್ಸಿನ ಕಾರ್ಡು ನೋಡಿದ. “ಬರೋದು ಕಷ್ಟ ಅತ್ಗೆ. ಯಾರಿಗಾರ ಏಟಾಗಿದ್ರೆ ಕಂಪನಿಯೋರು ನಿಮ್ಮಿಂದ್ಲೇ ವಸೂಲಿ ಮಾಡೋರು. ಆಗ್ಲಿಲ್ವಲ್ಲ, ಬುಡಿ.”

“ಹಸುವಿನ ಕಿವಿ ಹಿಡಿದು ಬಿಲ್ಲೆ ನೋಡ್ತೀಯ. ಇವರ ಕಾರ್ಡು ಒಂದು ಸಲ ತಿರುಗಿಸಿ ನೋಡೋಕೆ ಏನಾಗಿತ್ತು ನಿನಗೆ?”

“ಅಣ್ಣನ್ನ ಲೈಸೆನ್ಸ್ ಕೊಡು ಅಂತ ಕೇಳಕ್ಕಾಯ್ತದಾ ಅತ್ಗೆ?” ಅಂದ. ನಿಜವಾಗಿ ನೊಂದುಕೊಂಡೇ ಅಂದ. ಅಲ್ಲೇ ಇದ್ದರೆ ಬಾಯಿಗೆ ಏನು ಬರುತ್ತದೋ ಅಂತ ಎದ್ದು ಬಂದೆ.

ಮದ್ದೂರಿನಿಂದ ಮಳವಳ್ಳಿಯ ದಾರಿಗೆ ಬಿದ್ದಾಗ ಮುಂದೆ ಕಬ್ಬಿನ ಟ್ರಾಕ್ಟರೊಂದು ಎರಡು ಟ್ರೈಲರು ಎಳೆದುಕೊಂಡು ರಸ್ತೆಯಗಲಕ್ಕೂ ಹೋಗುತ್ತಿತ್ತು. ನಾನು ಅದರ ಹಿಂದೆ ನಿಧಾನಕ್ಕೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಹತ್ತು ದಿನದ ಬಾಡಿಗೆ ಕಾರಿನ ಗಾಜಿಗೆ ವಿಮೆ ಇದೆಯೋ ಇಲ್ಲವೋ ಅಂತ ತಿಂಗಳು ತಲೆ ಚಚ್ಚಿಕೊಂಡವಳು ನಾನು, ಮನೆಯ ಕಾರಿನಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಮಗಳನ್ನು ಬಾಣಂತನಕ್ಕೆ ಕರೆತಂದದ್ದು, ಎಲ್ಲವೂ ದೇವರ ಮೇಲೆ ಭಾರ ಹಾಕಿ. ಇದನ್ನೇ ಎತ್ತಿ ಎತ್ತಿ ಆಡಬೇಕು ಅಂತ ಮಾತು ಜೋಡಿಸಿಕೊಳ್ಳುತ್ತಿದ್ದೆ.

“ಆ ಖಾನೇಲಿ ನಿನ್ನೆಸ್ರೇ ಆಕು. ನಾನು ಟೆಸ್ಟು ಕೊಡೋಗಂಟ ಈ ಕಾರ್ನೂ ಮುಟ್ಟಾಕಿಲ್ಲ,” ಅಂದರು ಅವರು.

ಮೂರು ವಾರದಿಂದ ನಾನು ಕೇಳಬೇಕು ಅಂದುಕೊಂಡಿದ್ದ ಮಾತು. ಕೇಳಿ ಒಂದಿಷ್ಟೂ ಖುಷಿಯಾಗಲಿಲ್ಲ, ಸಿಟ್ಟು ಇನ್ನೂ ಏರಿತು. ಈಗಲಾದರೂ ಬಂತಲ್ಲ ಬುದ್ಧಿ ಅಂತ ಶುರುಮಾಡುವಷ್ಟರಲ್ಲಿ ಅವರೇ ಮತ್ತೆ ಬಾಯಿಬಿಟ್ಟರು.

“ಒಂದ್ಸಲ ಬಸ್ ತಪ್ಪೋಗಿ, ನಿನ್ ಸ್ಕೂಲಿನ ರಿಲೇ ಓಡೋ ಮಕ್ಳ ನಾಕು ಜನ್ವ ಇದ್ರಲ್ಲೇ ಮಂಡ್ಯಕ್ಕೆ ಕರ್ಕೊಂಡೋಗಿದ್ವಲ್ಲ, ನೆಪ್ಪೈತಾ? ಒಬ್ಳು ನನ್ ಸೀಟ್ ಇಂದ್ಗಡೆ ನಿಂತ್ಕೊಂಡು, ಅಂಕಲ್ ಇನ್ನೂ ಜೋರಾಗಿ ಓಡ್ಸಿ, ಲೇಟಾಯ್ತದೆ ಅಂತಿದ್ಲು.” ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. “ಓಡ್ಸಿದ್ದೆ ಕಣೆ.”

ಕಾರನ್ನು ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಕಬ್ಬಿನ ಟ್ರಾಕ್ಟರು ಮುಂದೆ ಹೊರಟು ಹೋಯಿತು. ಆ ರಿಲೇಯ ಹಿಂದಿನ ದಿನ ಆ ನಾಲ್ಕು ಮಕ್ಕಳ ಮನೆಗೂ ಚೀಟಿ ಕಳಿಸಿದ್ದೆ: ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಕೆಳಗೆ ಬರೆದಿದ್ದದ್ದು ನನ್ನ ಹೆಸರು.