ಹಗರಿಬೊಮ್ಮನಹಳ್ಳಿಯ ಮೇನ್ ಸ್ವಿಚ್

ಕೊಟ್ರೇಶ, ಅವತ್ತು ಕರೆಂಟ್ ಹೋಗಿರಲಿಲ್ಲ. ನಾನು ತೆಗೆದಿದ್ದೆ.

ಈ ಎರಡು ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾದವು. ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಸೆಂಟರಿನಲ್ಲಿ ನಮ್ಮ ಕಂಪ್ಯೂಟರ್ ಆಟದ ಫೈನಲ್ ನಡೆಯುತ್ತಿತ್ತು. ಕೊಟ್ಟೂರಿನ ನೀವು ಹದಿನಾಲ್ಕು, ಹಡಗಲಿಯ ನಾವು ಒಂಬತ್ತು. ಹದಿನಾರು ಸುತ್ತು ಮೊದಲು ಗೆದ್ದವರಿಗೆ ಕಪ್. ಇನ್ನೆರಡು ಸುತ್ತು ಗೆದ್ದಿದ್ದರೆ ಕಪ್ ನಿನ್ನದು, ಹುಬ್ಬಳ್ಳಿಯ ದೊಡ್ಡ ಪಂದ್ಯಾವಳಿಗೆ ಹೋಗುವ ಅವಕಾಶವೂ ನಿನ್ನದು. ನಾನು ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದೆ.

ಮೊದಲಿನಿಂದ ಹೇಳುತ್ತೇನೆ — ನಡುವೆ ನಗು ಕೇಳಿಸಿದರೆ ತಪ್ಪು ತಿಳಿಯಬೇಡ. ಆ ಎರಡು ವರ್ಷ ನೆನೆದರೆ ನನಗೆ ಈಗಲೂ ಮೊದಲು ಬರುವುದು ಖುಷಿಯೇ. ಅದೇ ನನ್ನ ತೊಂದರೆ.

ಎರಡು ಸಾವಿರದ ಐದು-ಆರರ ಹೊತ್ತು. ಹಡಗಲಿ ಬಸ್ ಸ್ಟ್ಯಾಂಡ್ ಹತ್ತಿರ ವಿರೂಪಣ್ಣನ ಸೈಬರ್ ಕೆಫೆ. ಪರೀಕ್ಷೆಯ ರಿಸಲ್ಟ್ ಬಂದ ದಿನ ಬಿಟ್ಟರೆ ಅಲ್ಲಿ ನೊಣವೂ ಬರುತ್ತಿರಲಿಲ್ಲ. ಐದೈದು ಜನ ಎರಡು ಗುಂಪಾಗಿ ಪರದೆಯ ಮೇಲೆ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಆಟವನ್ನು ಯಾರೋ ಸಿ.ಡಿ.ಯಲ್ಲಿ ತಂದು ಹಾಕಿಕೊಟ್ಟರು. ಕೆಫೆ ತುಂಬಿತು. ವಿರೂಪಣ್ಣನಿಗೆ ಹುರುಪು ಬಂದು, ನಮ್ಮಲ್ಲಿ ಐವರನ್ನು ಆರಿಸಿ ತಂಡ ಕಟ್ಟಿದ. ನಾನು ನಾಯಕ. ಅವನ ಭಾವ ಹೂವಿನ ವ್ಯಾಪಾರಿ. ಜೆರ್ಸಿ ಹೊಲಿಸಿಕೊಡುತ್ತೇನೆ, ಆದರೆ ಹೆಸರು ನಾನು ಹೇಳಿದ್ದೇ ಇರಬೇಕು ಎಂದ. ಹಾಗಾಗಿ ನಾವು ಮಲ್ಲಿಗೆ ಬಾಯ್ಸ್ ಆದೆವು. ನೀವು ಕೊಟ್ಟೂರು ಕಮಾಂಡೋಸ್! ಮೊದಲ ಸಲ ನಮ್ಮ ಬೆನ್ನಿನ ಮೇಲಿನ ಹೆಸರು ಓದಿ ನೀನು ಕುರ್ಚಿಯಿಂದ ಬೀಳುವಷ್ಟು ನಕ್ಕಿದ್ದೆ.

ಹರಪನಹಳ್ಳಿಯಲ್ಲಿ ಆಡಿದ ಮೊದಲ ಪಂದ್ಯ ಹದಿನಾರು–ಒಂದರಲ್ಲಿ ಸೋತೆವು. ಆ ಒಂದೂ ಅವರ ಆಟಗಾರನೊಬ್ಬ ಮೆಣಸಿನಕಾಯಿ ಬಜ್ಜಿ ತಿಂದು ಕೆಮ್ಮುತ್ತಾ ಕೂತಾಗ ಸಿಕ್ಕಿದ್ದು. ಆಮೇಲೆ ಬೆಳಿಗ್ಗೆ ಆರರಿಂದ ಎಂಟರವರೆಗೆ ದಿನಾ ಅಭ್ಯಾಸ. ಆಟದ ಮೂಲೆಗಳಿಗೆಲ್ಲ ನಮ್ಮ ತಂಡದ ಷಫಿ ನಮ್ಮೂರಿನ ಹೆಸರಿಟ್ಟ. ಪೆಟ್ಟಿಗೆಗಳನ್ನು ಪೇರಿಸಿಟ್ಟ ಬಯಲು ‘ಸಂತಿ’, ಉದ್ದನೆಯ ಓಣಿ ‘ಹೊಳಲು ರೋಡ್’, ಎತ್ತರದ ಜಾಗ ‘ಗುಡ್ಡ’. “ಸಂತ್ಯಾಗ ಇಬ್ರು ಅದಾರ! ಒಬ್ಬ ಹೊಳಲು ರೋಡ್ ಹಿಡದಾನ, ಬಿಡಬ್ಯಾಡ್ರಲೇ!” ಎಂದು ಅವನು ಕೂಗಿದರೆ ಎದುರಿನವರು ಆಟ ಬಿಟ್ಟು ಮುಖ ಮುಖ ನೋಡುತ್ತಿದ್ದರು.

ಕೂಡ್ಲಿಗಿ ಗೆದ್ದೆವು. ಅದೇ ಹರಪನಹಳ್ಳಿಗೆ ಹೋಗಿ, ಅವರ ಕೆಫೆಯಲ್ಲೇ ಕೂತು ಗೆದ್ದು ಬಂದೆವು. ಮುಂಜಾನೆಯ ಬಸ್ಸಿನಲ್ಲಿ ಹೂವಿನ ಬುಟ್ಟಿಗಳ ನಡುವೆ ಕೂತು ಹೋಗುತ್ತಿದ್ದೆವು, ಇಳಿದಾಗ ಮೈಯೆಲ್ಲ ಮಲ್ಲಿಗೆ ವಾಸನೆ. ಜೆರ್ಸಿ ಇದೆ, ಬಸ್ ಚಾರ್ಜ್ ಯಾರೋ ಕೊಡುತ್ತಾರೆ, ಗೆದ್ದ ಪಂದ್ಯಗಳ ಪಟ್ಟಿ ಕೆಫೆಯ ಗೋಡೆಯ ಮೇಲೆ ಬಣ್ಣದಲ್ಲಿ ಏರುತ್ತಿದೆ — ಪ್ರೊಫೆಷನಲ್ ತಂಡ ಎಂದರೆ ಇನ್ನೇನು ಎಂದುಕೊಂಡಿದ್ದೆವು. ಆ ಗೋಡೆಯ ಮೇಲೆ ಬಾರದೇ ಉಳಿದ ಹೆಸರು ಒಂದೇ, ಕೊಟ್ಟೂರು. ನಿಮ್ಮನ್ನು ನಾವು ಒಂದು ಸಲವೂ ಸೋಲಿಸಿರಲಿಲ್ಲ.

ಇನ್ನೊಂದನ್ನು ಇಲ್ಲಿಯೇ ಹೇಳಬೇಕು. ಕೊಟ್ಟೂರಿನಲ್ಲಿ ಒಮ್ಮೆ ನೀವು ಗೆಲ್ಲುತ್ತಿದ್ದಾಗ ನಿಜವಾಗಿಯೇ ಕರೆಂಟ್ ಹೋಗಿತ್ತು. ನಡೆದಷ್ಟು ಲೆಕ್ಕಕ್ಕೆ ಹಿಡಿಯಿರಿ ಎಂದು ನಿಮ್ಮವರು ಕೂಗಾಡಿದರು. “ಬ್ಯಾಡ್ರಲೇ, ಮೊದಲಿಂದ ಆಡೋಣ. ಕರೆಂಟಿನ ಕೈಲಿ ಗೆದ್ರ ಅದೇನು ಗೆಲುವು?” ಎಂದವನು ನೀನು. ನಮ್ಮ ಸೀಮೆಯ ಎಲ್ಲ ಪಂದ್ಯಗಳಿಗೂ ಆಮೇಲೆ ಅದೇ ನಿಯಮವಾಯಿತು. ನಾನು ಬಳಸಿಕೊಂಡದ್ದು ಆ ನಿಯಮವನ್ನೇ — ನಿನ್ನ ದೊಡ್ಡತನವನ್ನೇ.

ಫೈನಲ್‌ನ ಆ ಸುತ್ತಿನಲ್ಲಿ ನೀನು ನನ್ನನ್ನು ಎಲ್ಲರಿಗಿಂತ ಮೊದಲು ಹೊಡೆದೆ. ಸತ್ತವನಿಗೆ ಸುತ್ತು ಮುಗಿಯುವವರೆಗೆ ಕೆಲಸವಿಲ್ಲ. ಕೈತೊಳೆದು ಬರುತ್ತೇನೆ ಎಂದು ಹಿಂದಿನ ಓಣಿಗೆ ಹೋದೆ. ಅಲ್ಲಿ ಗೋಡೆಯ ಮೇಲೆ ಮೀಟರ್ ಬೋರ್ಡ್, ಪಕ್ಕದಲ್ಲಿ ಮೇನ್ ಸ್ವಿಚ್. ಮೊದಲೇ ಯೋಚಿಸಿದ್ದೆನೇ? ಇಲ್ಲ ಎಂದು ಬರೆಯಲು ಆಸೆ. ಆದರೆ ಬೆಳಿಗ್ಗೆ ಬಂದಾಗಲೇ ಅದು ಎಲ್ಲಿದೆ ಎಂದು ನೋಡಿಕೊಂಡಿದ್ದೆ — ಯಾಕೆ ನೋಡಿದೆ?

ಹಿಡಿ ಎಳೆದೆ. ಒಳಗೆ ಹತ್ತು ಪರದೆಗಳು ಒಟ್ಟಿಗೆ ಆರಿದವು. ಸೆಂಟರಿನ ಯು.ಪಿ.ಎಸ್. ಸತ್ತು ತಿಂಗಳಾಗಿತ್ತು. ಅಯ್ಯೋ ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿ, ಕರೆಂಟಿನವರಿಗೆ ಬೈಯುತ್ತಾ ಚಹಾ ಕುಡಿಯಲು ಬೀದಿಗೆ ಹೊರಟರು. ನಮ್ಮ ಕಡೆ ದೀಪ ಆರಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್, ಎದುರಿಗೆ ಸೀಮೆಎಣ್ಣೆ ಸ್ಟವ್ವಿನ ಚಹಾ ಅಂಗಡಿ — ನನ್ನ ಗುಟ್ಟು ಬಯಲು ಮಾಡಲು ಅಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ.

ನೀನೊಬ್ಬನೇ ಓಣಿಯ ಕಡೆಗೆ ಬಂದೆ. ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದೆ.

“ಕರೆಂಟ್ ಹೋತೇನಲೇ ಮಂಜ?”

“ಹೂಂ, ಹೋತು. ಈ ಹೊತ್ತಿಗೆ ದಿನಾ ಹೋಗತೈತಂತ.”

ನೀನು ಕೇಳಿದೆ, ನಂಬಿದೆ, ನನಗೂ ಚಹಾ ಹೇಳಿದೆ. ಚಹಾ ಕುಡಿದು ನಾನೇ ಹಿಂದೆ ಹೋಗಿ ಹಿಡಿಯನ್ನು ಮೇಲಕ್ಕೆತ್ತಿದೆ.

ಮತ್ತೆ ಸೊನ್ನೆಯಿಂದ ಶುರುವಾಯಿತು. ಹದಿನಾರು–ಹದಿನಾಲ್ಕು, ಗೆದ್ದೆವು. ಎರಡನೇ ಸಲ ನಾವು ಆಡಿದ್ದು ನಿಜವಾದ ಆಟವೇ ಅಲ್ಲವೇ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೌದು, ಅಷ್ಟು ಚೆನ್ನಾಗಿ ನಾವು ಹಿಂದೆಯೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಷಫಿ ಬಸ್ಸಿನ ಸೀಟಿನ ಮೇಲೆ ನಿಂತು ಕುಣಿದ, ಕಂಡಕ್ಟರ್ ಬೈದು ಆಮೇಲೆ ತಾನೂ ನಕ್ಕ. ಹಡಗಲಿಯಲ್ಲಿ ಇಳಿದಾಗ ವಿರೂಪಣ್ಣ ಮೊಳಗಟ್ಟಲೆ ಮಲ್ಲಿಗೆ ಕೊರಳಿಗೆ ಹಾಕಿ ಅತ್ತೇಬಿಟ್ಟ. ಆ ಸಂತೋಷ ಸುಳ್ಳಾಗಿರಲಿಲ್ಲ, ಕೊಟ್ರೇಶ. ಆದರೆ ಅದು ನಿನ್ನ ಮನೆಗೆ ಹೋಗಬೇಕಾದ ಸಂತೋಷ.

ಮಾರನೆಯ ವಾರ ನೀನೇ ಹಡಗಲಿಗೆ ಬಂದೆ. ಜೇಬಿನಿಂದ ನಿನ್ನ ಮೌಸ್ ತೆಗೆದು ನನ್ನ ಕೈಗಿಟ್ಟೆ. “ತಗೋಲೇ. ಇದರಾಗ ಉರುಳೋ ಗುಂಡಿಲ್ಲ, ಕೆಂಪು ಲೈಟ್ ಐತಿ, ಭಾಳ ಚುರುಕು. ಹುಬ್ಬಳ್ಯಾಗ ನಮ್ಮ ಕಡಿ ಮಾನ ಉಳಸ್ರಿ.” ಆಗಲೇ ಹೇಳಬಹುದಿತ್ತು. ನಾನು — ಥ್ಯಾಂಕ್ಸ್ ಎಂದೆ.

ಹುಬ್ಬಳ್ಳಿಯಲ್ಲಿ ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತೆವು. ಪೇಪರಿನಲ್ಲಿ ನಮ್ಮ ಫೋಟೊ ಬಂತು. ನೀನು ಮುಂದೆಂದೂ ಪಂದ್ಯ ಆಡಲಿಲ್ಲ. ಆ ತಿಂಗಳೇ ಸೋದರಮಾವನ ಬ್ಯಾಟರಿ ಅಂಗಡಿಗೆ ಸೇರಿದೆ. ಹುಬ್ಬಳ್ಳಿ ಹೇಗಿತ್ತೆಂದು ನನ್ನಿಂದ ಎಷ್ಟು ಸಲ ಕೇಳಿಸಿಕೊಂಡಿದ್ದೀಯೋ.

ಈಗ ಆ ಅಂಗಡಿ ನಿನ್ನದೇ. ಗಿರಾಕಿ ಬಂದರೆ ಅದೇ ಕಥೆ: “ಎರಡ ಎರಡು ಸುತ್ತು ಉಳದಿದ್ವು ನೋಡ್ರಿ, ಕರೆಂಟ್ ನನ್ನ ಕಪ್ ಕಸಕೊಂತು. ನೀವರ ಇನ್ವರ್ಟರ್ ಹಾಕಸ್ರಿ.” ಅವರು ನಗುತ್ತಾರೆ, ಇನ್ವರ್ಟರ್ ಕೊಳ್ಳುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಕೂತು ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಮೊನ್ನೆ ಫೋನ್ ಮಾಡಿದೆಯಲ್ಲ, ಶುಕ್ರವಾರ ಹೊಸ ಅಂಗಡಿಯ ಪೂಜೆ ಎಂದು. “ನೀನ ಬಂದು ನಾಕು ಮಾತಾಡಬೇಕಲೇ. ಕರೆಂಟ್ ಹೋಗಿದ್ದನ್ನ ಹತ್ರದಿಂದ ಕಂಡವ ನೀನ.” ಹತ್ತಿರದಿಂದಲೇ ಕಂಡೆ, ನಿಜ.

ಬರುತ್ತೇನೆ. ಈ ಕಾಗದ ಅದಕ್ಕೂ ಮೊದಲೇ ನಿನ್ನ ಕೈ ಸೇರಲಿ. ಎಲ್ಲರ ಮುಂದೆ ಮೊದಲ ಸಲ ಕೇಳುವ ಹಾಗೆ ಆಗಬಾರದು. ಆಮೇಲೆ ನಾಲ್ಕು ಮಾತು ಆಡುತ್ತೇನೆ, ಇವೇ ಮಾತು, ನಿನ್ನ ಗಿರಾಕಿಗಳ ಎದುರೇ. ಷಫಿಗೆ, ವಿರೂಪಣ್ಣನಿಗೆ ಹೇಳಿಯಾಯಿತು. ಷಫಿ ಎರಡು ದಿನ ಮಾತು ಬಿಟ್ಟ. ವಿರೂಪಣ್ಣ ಕೆಫೆಯ ಗೋಡೆಯ ಹತ್ತಿರ ಹೋಗಿ, ಕೊಟ್ಟೂರನ್ನು ಗೆದ್ದೆವೆಂದು ಬರೆದಿದ್ದ ಆ ಒಂದು ಸಾಲಿಗೆ ತನ್ನ ಕೈಯಾರೆ ಸುಣ್ಣ ಬಳಿದ.

ಕಪ್ ತರುತ್ತೇನೆ, ಮೌಸ್ ತರುತ್ತೇನೆ. ಮೌಸಿನ ಕೆಂಪು ದೀಪ ಇನ್ನೂ ಉರಿಯುತ್ತದೆ. ಬಾಗಿಲಲ್ಲೇ ತಿರುಗಿ ಹೋಗು ಎಂದರೆ ಎರಡನ್ನೂ ಹೊಸ್ತಿಲ ಮೇಲಿಟ್ಟು ಹೋಗುತ್ತೇನೆ, ವಾದ ಮಾಡುವುದಿಲ್ಲ. ಒಳಗೆ ಬಾ ಎಂದರೆ, ಷಫಿ ಹಳೆಯ ಕಂಪ್ಯೂಟರುಗಳನ್ನು ಹೊಂದಿಸಿ ಆ ಆಟ ಹಾಕಿಟ್ಟಿದ್ದಾನೆ. ನಿನ್ನ ಇನ್ವರ್ಟರಿಗೇ ಜೋಡಿಸೋಣ. ನಿನಗೆ ಹದಿನಾಲ್ಕು, ನಮಗೆ ಒಂಬತ್ತು. ಅಲ್ಲಿಂದ ಶುರು.