ದೇಸಾಯರ ಮೂಗು

ಕೊಚ್ಚಿಯ ಕಾಕ್ಕನಾಡಿನ ಚಹಾದಂಗಡಿಯ ಮರೆಯಲ್ಲಿ ಸಿಗರೇಟು ಹಚ್ಚಿದರೆಂದರೆ, ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ್ ಗುರುರಾಜ ದೇಸಾಯರು ಗಾಂಜಾದ ಮೇಲೆ ಹರಿಹಾಯಲೇಬೇಕು. "ತಂಬಾಕು ಸರಕಾರಕ್ಕ ತೆರಿಗಿ ಕೊಡತದ, ಬೀಡಿ ಕಟ್ಟೋರಿಗೆ ಅನ್ನ ಹಾಕತದ. ಗಾಂಜಾ ಮಾರಲಿಕ್ಕೆ ಪರವಾನಗಿ ಕೊಟ್ರ ಮಕ್ಕಳು ಕೈಬಿಟ್ಟು ಹೋದಂಗ!" ಎನ್ನುವಾಗ ಅವರ ಬಾಯಿಂದ ಮಾತಿಗಿಂತ ಮೊದಲು ಹೊಗೆ, ಹೊಗೆಗಿಂತ ಮೊದಲು ಕೆಮ್ಮು. ಮೈಸೂರಿನ ಸಹೋದ್ಯೋಗಿ ಶಾಲಿನಿ, "ಸರ್, ತಂಬಾಕಿನಿಂದಲೇ ಹೆಚ್ಚು ಜನ ಸಾಯೋದು. ಗಾಂಜಾನೂ ಲೈಸೆನ್ಸ್ ಕೊಟ್ಟು ಮಾರಿದ್ರೆ ಕಳ್ಳ ವ್ಯಾಪಾರವಾದ್ರೂ ನಿಲ್ಲುತ್ತೆ" ಎಂದರೆ, "ನಿಮಗ ಹರೇದ ಮಗಾ ಇಲ್ಲ, ಅದಕ್ಕ ಹಿಂಗಂತೀರಿ" ಎಂದು ಬಾಯಿ ಮುಚ್ಚಿಸುತ್ತಾರೆ. ದೇಸಾಯರಿಗಿದ್ದಾನೆ. ಮಗ ಮೋಹಿತ ಕಳಮಶ್ಶೇರಿಯ ಕಾಲೇಜಿನಿಂದ ಬಂದು ಸ್ನಾನಕ್ಕಿಳಿದ ಕೂಡಲೇ ದೇಸಾಯರು ಕಳ್ಳನಂತೆ ಅವನ ಅಂಗಿ ಎತ್ತಿ ಮೂಸುತ್ತಾರೆ; ನೀರು ಬೀಳುವ ಸದ್ದು ನಿಂತರೆ ಅವರ ಎದೆಯೂ ನಿಲ್ಲುತ್ತದೆ. ಆದರೆ ವರ್ಷಾನುಗಟ್ಟಲೆ ಹೊಗೆ ಕುಡಿದ ಆ ಮೂಗಿಗೆ ಈಗ ಕೊಚ್ಚಿಯ ಮೀನು ಮಾರುಕಟ್ಟೆಯೂ ನಾರುವುದಿಲ್ಲ. ಅಂಗಿಯನ್ನು ಹೆಂಡತಿ ಸುಮತಿಯತ್ತ ಚಾಚಿ, "ನೀನರ ನೋಡು, ಗಾಂಜಾ ವಾಸನಿ ಬರತದೇನು?" ಎಂದು ಪಿಸುಗುಡುತ್ತಾರೆ. ಆಕೆ ಮೂಸಿ, ಅಂಗಿಯನ್ನು ಅವರ ಕೈಗೇ ಮರಳಿಸುತ್ತಾಳೆ: "ಏನಂತ ಹೇಳಲಿರೀ? ಈ ಮನ್ಯಾಗ ಎಲ್ಲಾರ ಅಂಗಿ-ಅರಿವ್ಯಾಗೂ ನಿಮ್ಮ ವಾಸನಿನ ಅದ."